ಬಿಡುವು ಯಾರ ಸ್ವತ್ತು?

ಕೋಸ್ಟರಿಕಾದ ಕೆರಿಬಿಯನ್ ಕಡಲ ತಡಿಯ ಊರು ಲಿಮೋನ್. ವರ್ಗಾಸ್ ಉದ್ಯಾನದ ನೆರಳಲ್ಲಿ ಮಟಮಟ ಮಧ್ಯಾಹ್ನವೇ ಹರಟುತ್ತ ಕೂತವರನ್ನು ಕಂಡರೆ, ಹಡಗಿನಿಂದಿಳಿದ ಪ್ರವಾಸಿಗೆ ಥಟ್ಟನೆ ಅನ್ನಿಸುತ್ತದೆ: ಸೋಮಾರಿಗಳ ಊರು!

ಆದರೆ 1871ರಲ್ಲಿ ಆರಂಭವಾಗಿ 1890ರಲ್ಲಿ ಮುಗಿದ, ರಾಜಧಾನಿ ಸಾನ್ ಹೊಸೆಯಿಂದ ಇಲ್ಲಿಗೆ ಬರುತ್ತಿದ್ದ ರೈಲುದಾರಿಗೆ ದುಡಿದವರು ಜಮೈಕಾದಿಂದ ಬಂದ ಇಲ್ಲಿನ ಹಲವರ ಹಿರಿಯರು. ಜ್ವರಕ್ಕೆ ಸಾವಿರಾರು ಕೂಲಿಗಳು ಬಲಿಯಾದರು. ಆಮೇಲೆ ಬಾಳೆತೋಟದ ದುಡಿತ. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಂದಿ ಪೌರತ್ವಕ್ಕೆ 1949ರ ತನಕ ಕಾಯಬೇಕಾಯಿತು.

ದುಡ್ಡು ತೆತ್ತು ಬಂದವರು ಮರದಡಿ ಕೂತರೆ ವಿಶ್ರಾಂತಿ. ಊರಿನವರು ಕೂತರೆ ಸೋಮಾರಿತನವೇ? ತೆಂಗಿನ ಹಾಲಿನಲ್ಲಿ ಅಕ್ಕಿ, ಕಾಳು ಬೇಯಿಸಿ ಬಡಿಸಿದ ಹೆಂಗಸು ಕೈ ಒರೆಸಿಕೊಂಡು ಬಾಗಿಲಲ್ಲಿ ಕೂತರೆ, ಆ ಗಳಿಗೆಯ ಲೆಕ್ಕವನ್ನು ಅವಳು ಯಾರಿಗೂ ಒಪ್ಪಿಸಬೇಕಿಲ್ಲ. ನಮ್ಮ ಮನೆಗಳಲ್ಲೂ ಅಷ್ಟೆ, ಅಲ್ಲವೇ?