ಹೆಸರಿನ ಜೀರ್ಣೋದ್ಧಾರ

ಶ್ರಾವಕನು ಪ್ರಮಾಣ ಮಾಡಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳನ್ನು ನಮ್ಮ ಆಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ. ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲು ಯಾನದಲ್ಲಿ ಬಂತು. ಆದರೆ ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಬರೆದಿರುವ ಹೆಸರು ಈ ಹತ್ತರಲ್ಲಿ ಯಾವುದರೊಳಗೆ ಬಂತು? ಅದು ಹೊಲವಲ್ಲ, ಮನೆಯಲ್ಲ, ಧಾನ್ಯವಲ್ಲ, ತೂಗಲಾಗದು, ಅಳೆಯಲಾಗದು. ಆದರೂ ಅದಕ್ಕಾಗಿ ಕೋಟಿಗಟ್ಟಲೆ ಹಣ ಸುರಿಯುವವರಿದ್ದಾರೆ, ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದಾರೆ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ನಮ್ಮ ಸಮಾಜಕ್ಕೆ ಈ ಪ್ರಶ್ನೆ ಹೊರಗಿನದಲ್ಲವಾದ್ದರಿಂದ ಕೊಂಚ ವಿಸ್ತಾರವಾಗಿಯೇ ವಿಚಾರಿಸಬೇಕೆನಿಸಿದೆ.

ನಮ್ಮ ಭಾಗದಲ್ಲಿ ಯೆಜ್ಡಿ ಎಂದರೆ ಗೊತ್ತಿಲ್ಲದ ಹಿರಿಯರು ವಿರಳ. ಹುನಗುಂದ–ಇಳಕಲ್ಲ ರಸ್ತೆಯ ಮೇಲೆ ಹಿಂದಿನ ಸೀಟಿಗೆ ಸೀರೆಯ ಗಂಟು ಕಟ್ಟಿಕೊಂಡು ಹೋಗುತ್ತಿದ್ದ ಆ ಫಟಫಟಿಯ ಸದ್ದು ಒಂದು ಮೈಲು ಮೊದಲೇ ಕೇಳುತ್ತಿತ್ತು. ಕಿಕ್ ಹೊಡೆಯುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ ಆಗಿದ್ದ ಆ ಯಂತ್ರವನ್ನು ಕೆಟ್ಟ ಜಾಗದಲ್ಲೇ ಕೂತು ಒಂದು ಪಾನದ ಹಿಡಿದು ದುರಸ್ತಿ ಮಾಡಬಲ್ಲ ಮೇಸ್ತ್ರಿ ಪ್ರತಿಯೊಂದು ಸಂತೆಯೂರಲ್ಲಿಯೂ ಇದ್ದನು.

ಅದರ ಮೂಲ ಜಾವಾ. ಜಾವಾ ಎಂಬ ಹೆಸರೇ ಒಂದು ಕೂಡಿಕೆ. ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಹೆಸರಿನ ಮೊದಲಕ್ಷರಗಳನ್ನೂ ಜೋಡಿಸಿದನು. ಆ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಿಂದ ಬಂದವು. ಅದು ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಹೆಸರು. 1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದ, ಎಣ್ಣೆ ಕಡಿಮೆ ಕುಡಿಯುವ ನೂರು ಸಿ.ಸಿ. ಗಾಡಿಗಳು ಬಂದವು. ಹೊಗೆಯ ನಿಯಮಗಳು ಬಿಗಿಯಾದವು, ಎರಡು ಸ್ಟ್ರೋಕಿನ ಯಂತ್ರಕ್ಕೆ ಕಾಲ ಕಠಿಣವಾಯಿತು. 1996ರಲ್ಲಿ ಉತ್ಪಾದನೆ ನಿಂತಿತು. 2001ರಲ್ಲಿ ಕಂಪನಿಯನ್ನು ಸಮಾಪನಗೊಳಿಸಲು ಉಚ್ಚ ನ್ಯಾಯಾಲಯದ ಆದೇಶವಾಯಿತು.

ದೇಹ ಹೋಯಿತು, ಹೆಸರು ಉಳಿಯಿತು. ಮಹೀಂದ್ರಾ ಸಂಸ್ಥೆಯ ಬಹುಪಾಲು ಬಂಡವಾಳದಿಂದ ಹುಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರ ನವೆಂಬರಿನಲ್ಲಿ ಜಾವಾವನ್ನೂ, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಕಾರ್ಖಾನೆ ಈಗ ಮೈಸೂರಿನದಲ್ಲ, ಮಧ್ಯಪ್ರದೇಶದ ಪೀಥಂಪುರದ್ದು. ಎಂಜಿನ್ನು ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಯುವಂಥದು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಒಂದು ವಿಚಿತ್ರವಿದೆ. ಹಳೆಯ ಹೆಸರು ಮೊದಲ ದಿನದ ಗಿರಾಕಿಯನ್ನು ಪುಕ್ಕಟೆಯಾಗಿ ತಂದುಕೊಡುತ್ತದೆ. 2018ರ ನವೆಂಬರ್ 15ರಂದು ಪ್ರಕಟವಾದ ಜಾವಾದ ಆನ್‌ಲೈನ್ ಬುಕಿಂಗನ್ನು ಡಿಸೆಂಬರ್ 25ಕ್ಕೆ ನಿಲ್ಲಿಸಬೇಕಾಯಿತು. ಮುಂದಿನ ಸೆಪ್ಟೆಂಬರಿನವರೆಗಿನ ಮಾಲು ಆಗಲೇ ಮಾರಿಹೋಗಿತ್ತು. ಹೆಸರು ಓಡುವ ವೇಗಕ್ಕೆ ಕಾರ್ಖಾನೆ ಓಡಲಾರದು. ಕಾದು ಬೇಸತ್ತವನು ಬೇರೆ ಅಂಗಡಿಗೆ ಹೋಗುತ್ತಾನೆ. ಕಾದು ಪಡೆದವನು ತನ್ನ ತಂದೆಯ ಗಾಡಿಯ ಅಳತೆಗೋಲಿನಿಂದ ಹೊಸ ಗಾಡಿಯನ್ನು ಅಳೆಯುತ್ತಾನೆ. ಅಷ್ಟರಲ್ಲಿ 2020ರ ಏಪ್ರಿಲಿನಿಂದ ಹೊಸ ಹೊಗೆ ನಿಯಮ, ಅದರ ಹೊಸ್ತಿಲಲ್ಲೇ ಮಹಾಮಾರಿಯ ಲಾಕ್‌ಡೌನ್. ಇದೇ ವರ್ಗದಲ್ಲಿ ರಾಯಲ್ ಎನ್‌ಫೀಲ್ಡ್ ಎಂದೂ ನಿಲ್ಲದೆ ಬೇರೂರಿದ್ದಿತು. ಮಾರಾಟ ಮಳಿಗೆ, ಬಿಡಿಭಾಗಗಳ ದಾಸ್ತಾನು, ತರಬೇತಿ ಪಡೆದ ಮೇಸ್ತ್ರಿಗಳು — ಇವೆಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಹೆಸರಿನ ಜೊತೆ ಇವು ಬರುವುದಿಲ್ಲ. 2023ರಲ್ಲಿ ಆ ಕಂಪನಿಯ ಪಾಲುದಾರರು ಇನ್ನೂ ₹875 ಕೋಟಿ ಹೂಡಲು ನಿರ್ಧರಿಸಿದರೆಂಬುದನ್ನು ನೋಡಿದರೆ, ಹೆಸರೆಂಬುದು ಎಷ್ಟು ದುಬಾರಿ ಆಸ್ತಿ ಎಂಬುದು ತಿಳಿಯುತ್ತದೆ. ಅಷ್ಟು ಹಣದಲ್ಲಿ ಹೊಸ ಹೆಸರನ್ನೇ ಕಟ್ಟಬಹುದಾಗಿತ್ತಲ್ಲವೇ ಎಂದು ಕಿರಾಣಿ ಅಂಗಡಿಯವನೂ ಕೇಳಿಯಾನು. ಉಮಾಸ್ವಾತಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ ಹೇಳಿದ್ದಾರೆ. ಹತ್ತು ಬಗೆಗಳಲ್ಲಿ ಹೆಸರಿಲ್ಲವೆಂದು ನಾವು ನಿಶ್ಚಿಂತರಾಗುವಂತಿಲ್ಲ, ಮಮತ್ವವಿದ್ದಲ್ಲಿ ಪರಿಗ್ರಹವಿದೆ.

ಆದರೆ ಮಮತ್ವಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು. ಹೊಸ ಜಾವಾ ಜಾವಾ ಹೌದೋ ಅಲ್ಲವೋ? ಈ ಪ್ರಶ್ನೆಗೆ ನಮ್ಮ ನಿಕ್ಷೇಪ ವಿಚಾರದಷ್ಟು ಸ್ವಚ್ಛವಾದ ಉಪಕರಣವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬಡವನ ಮಗನಿಗೆ ಇಂದ್ರನೆಂದು ಹೆಸರಿಟ್ಟರೆ ಅವನು ನಾಮ ನಿಕ್ಷೇಪದಿಂದ ಇಂದ್ರ. ಇಂದ್ರನ ಪ್ರತಿಮೆ ಸ್ಥಾಪನಾ ನಿಕ್ಷೇಪದಿಂದ ಇಂದ್ರ. ಹಿಂದೆ ಇಂದ್ರನಾಗಿದ್ದವನು, ಮುಂದೆ ಆಗಲಿರುವವನು ದ್ರವ್ಯ ನಿಕ್ಷೇಪದಿಂದ. ಸ್ವರ್ಗದಲ್ಲಿ ಈ ಕ್ಷಣ ಇಂದ್ರ ಪದವಿಯಲ್ಲಿರುವವನೇ ಭಾವ ನಿಕ್ಷೇಪದಿಂದ ಇಂದ್ರ. ಇಳಕಲ್ಲಿನ ಯಾರದೋ ಹಿತ್ತಲಲ್ಲಿ ಕವದಿ ಹೊದ್ದು ನಿಂತಿರುವ 1980ರ ಯೆಜ್ಡಿ ಓಡದಿದ್ದರೂ ದ್ರವ್ಯದಿಂದ ಯೆಜ್ಡಿಯೇ. ಹೊಸದು ಹಳೆಯದರ ಆಕಾರವನ್ನು, ದುಂಡಗಿನ ಟ್ಯಾಂಕನ್ನು, ಜೋಡಿ ಹೊಗೆಕೊಳವೆಗಳನ್ನು ಅನುಸರಿಸಿರುವುದರಿಂದ ಬರಿಯ ನಾಮವಲ್ಲ, ಸ್ಥಾಪನೆಯೆನ್ನಬೇಕು.

ಸ್ಥಾಪನೆ ಸುಳ್ಳಲ್ಲ. ಸುಳ್ಳಾಗಿದ್ದರೆ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥನ ಮುಂದೆ ನಾವು ಕೈಮುಗಿಯುವುದೂ ಸುಳ್ಳಾದೀತು. ಸ್ಥಾಪನೆಯನ್ನು ಸ್ಥಾಪನೆಯೆಂದು ಹೇಳಿ ಮಾರುವುದರಲ್ಲಿ ದೋಷವಿಲ್ಲ. ಎಂಜಿನ್ನು ಹೊಸದೆಂದು ಆ ಕಂಪನಿಯವರು ಬಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು. ಸ್ಥಾಪನೆಯನ್ನು ಭಾವವೆಂದು ಹೇಳಿ ಮಾರಿದಾಗ ಮಾತ್ರ ಅದು ಅಚೌರ್ಯಾಣುವ್ರತದ ಐದನೆಯ ಅತಿಚಾರವಾದ ಪ್ರತಿರೂಪಕ ವ್ಯವಹಾರವಾಗುತ್ತದೆ. ಸಮಂತಭದ್ರಾಚಾರ್ಯರು ಸದೃಶಸನ್ಮಿಶ್ರವೆಂದು ಕರೆದಿರುವುದೂ ಇದರ ಜಾತಿಯದೇ. ಇದರ ಉದಾಹರಣೆಗೆ ಮೋಟಾರ್ ಸೈಕಲ್ಲಿನತನಕ ಹೋಗಬೇಕಿಲ್ಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ, ಕೈಮಗ್ಗದಲ್ಲಿ ನೇಯ್ದದ್ದು ಇಳಕಲ್ಲ ಸೀರೆ. ಅದಕ್ಕೆ 2007ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ. ವಿದ್ಯುತ್ ಮಗ್ಗದ ಅರಿವೆಗೆ ತೋಪು ಸೆರಗಿನ ನಕಾಶೆ ಹಚ್ಚಿ ಅದೇ ಹೆಸರಿನಿಂದ ಮಾರುವ ಗಾದಿಗಳಲ್ಲಿ ನಮ್ಮವರು ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಈಗ ಕಠಿಣವಾದ ಭಾಗ. ಆ ಹೆಸರು ಯಾರದು? ಯೆಜ್ಡಿ ಎಂಬ ಮುದ್ರೆಯು ಸಮಾಪನದಲ್ಲಿರುವ ಐಡಿಯಲ್ ಜಾವಾ ಕಂಪನಿಯದೇ, ಅದನ್ನು ಹರಾಜು ಮಾಡಬೇಕು ಎಂದು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠವು ಆ ತೀರ್ಪನ್ನು ಬದಿಗೊತ್ತಿ ಕ್ಲಾಸಿಕ್ ಲೆಜೆಂಡ್ಸ್ ಮತ್ತು ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿಯವರ ಪರವಾಗಿ ನಿರ್ಣಯ ನೀಡಿತು. ಒಂದೇ ನ್ಯಾಯಾಲಯದಲ್ಲಿ ವಿದ್ವಾಂಸರಾದ ನ್ಯಾಯಮೂರ್ತಿಗಳೇ ಎರಡು ಬಗೆಯಾಗಿ ಕಂಡ ವಿಷಯದಲ್ಲಿ ಬಿ.ಕಾಂ. ಓದಿದ ನಾನು ಮೂರನೆಯ ತೀರ್ಪು ಕೊಡುವುದು ಅಧಿಕಪ್ರಸಂಗವಾದೀತು. ನನಗೆ ತಿಳಿದಿರುವುದು ಲೆಕ್ಕ. ಲೆಕ್ಕದ ನಿಯಮದಂತೆ, ಹಣ ಕೊಟ್ಟು ಕೊಂಡ ಹೆಸರನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಬಹುದು. ತಾನೇ ದುಡಿದು ಗಳಿಸಿದ ಹೆಸರನ್ನು ತೋರಿಸುವಂತಿಲ್ಲ. ಮೂವತ್ತೈದು ವರ್ಷ ಕೆಲಸಗಾರರ ಬೆವರಿನಿಂದ ಬೆಳೆದ ಹೆಸರು ಯಾವ ಕಾಲಮ್ಮಿನಲ್ಲಿಯೂ ಕಾಣದು. ಇನ್ನೊಬ್ಬನು ಕೊಂಡ ದಿನ ಅದಕ್ಕೆ ಬೆಲೆ ಹುಟ್ಟುತ್ತದೆ. ಮುಳುಗಿದ ಕಂಪನಿಯಲ್ಲಿ ಕಾರ್ಮಿಕರ ಬಾಕಿಯು ಒತ್ತೆ ಸಾಲಗಾರರ ಬಾಕಿಯೊಡನೆ ಸಮಪಂಕ್ತಿಯಲ್ಲಿ ಕೂಡಬೇಕೆಂದು 1985ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದ ಶಾಸನಕರ್ತರ ಮನಸ್ಸಿನಲ್ಲಿ ಈ ಅನ್ಯಾಯದ ಅರಿವು ಎಲ್ಲಿಯೋ ಇದ್ದಿರಬೇಕು.

ಜಾವಾದ ಪ್ರಕರಣ ಓದುತ್ತ ನನಗೆ ನೆಮ್ಮದಿ ಕೆಟ್ಟದ್ದು ಬೇರೆ ಕಾರಣಕ್ಕೆ. ಇಳಕಲ್ಲಿನಲ್ಲಿ ನಮ್ಮ ದೊಡ್ಡಪ್ಪನವರ ಸೀರೆ ದುಕಾನು ಹೆಸರುವಾಸಿಯಾಗಿತ್ತು. ಉದ್ರಿ ವಸೂಲಾಗದೆ 1978ರಲ್ಲಿ ಮುಚ್ಚಿತು. ಕೆಲವು ನೇಕಾರರ ಮಜೂರಿ ಬಾಕಿ ಉಳಿಯಿತು. 1991ರಲ್ಲಿ ನಾನು ಬೇರೆ ಬಂಡವಾಳ ಹಾಕಿ, ಅಟ್ಟದ ಮೇಲಿದ್ದ ಅದೇ ಹಳೆಯ ಫಲಕಕ್ಕೆ ಬಣ್ಣ ಬಳಿಸಿ ಅಂಗಡಿ ತೆರೆದೆ. ಪ್ರಾರಂಭದ ದಿನ ಒಬ್ಬ ವೃದ್ಧ ನೇಕಾರ ಬಂದು ಫಲಕವನ್ನು ಬಹಳ ಹೊತ್ತು ನೋಡಿ, “ಬೋರ್ಡು ಅದ ಐತಿ. ಖಾತೇನೂ ಅದ ಐತೇನ್ರೀ ಸಾವುಕಾರ್ರ?” ಎಂದು ಕೇಳಿದನು. ಅವನ ಬಾಕಿ 340 ರೂಪಾಯಿ. ಆ ದುಕಾನು ಬೇರೆ, ಇದು ಬೇರೆ ಎಂದು ನಾನು ಹೇಳಿದೆ. ಕಾಯಿದೆಯ ಪ್ರಕಾರ ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ದಿನ ಮಧ್ಯಾಹ್ನ ಬಾಗಲಕೋಟೆಯಿಂದ ಬಂದ ಗಿರಾಕಿಗಳಿಗೆ, “ನಿಮ್ಮ ಅಜ್ಜಿ ಸೀರೆ ತಗೊಂಡ ಅಂಗಡಿನೇ ಇದು, ಬರ್ರಿ” ಎಂದಿದ್ದೆ.

ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದೆಂದು ಎಳೆತನದಿಂದ ಕಲಿತವನು ನಾನು. ಗಿರಾಕಿಯ ಮುಂದೆ ಧ್ರೌವ್ಯವನ್ನೂ ಸಾಲಗಾರನ ಮುಂದೆ ವ್ಯಯವನ್ನೂ ಹೇಳಿದ್ದೆ. ಎರಡೂ ಒಂದೊಂದು ನಯದಿಂದ ಸತ್ಯವೇ. ಆದರೆ ಯಾವ ನಯದಿಂದ ಲಾಭವೋ ಆ ನಯವನ್ನು ಆಗಾಗ ಹಿಡಿಯುವುದು ಅನೇಕಾಂತವಲ್ಲ. ಸ್ಯಾದ್ವಾದದ ವೇಷ ಹಾಕಿದ ಮಾಯಾಕಷಾಯ. ಹೆಸರನ್ನು ಎತ್ತಿಕೊಂಡವನು ಅದರ ಹಳೆಯ ಬಾಕಿಯನ್ನೂ ಎತ್ತಿಕೊಳ್ಳಲೇಬೇಕೆಂದು ಕಾಯಿದೆ ಹೇಳುವುದಿಲ್ಲ, ಹೇಳಿದರೆ ಯಾವ ಮುಳುಗಿದ ಉದ್ಯಮವೂ ಮತ್ತೆ ಏಳಲಾರದು. ಇದನ್ನು ನಾನು ಒಪ್ಪುತ್ತೇನೆ. ಹೊಸ ಬಂಡವಾಳ ಹಾಕಿದವನಿಗೂ ಮಕ್ಕಳಿದ್ದಾರೆ, ಬ್ಯಾಂಕಿನ ಕಂತಿದೆ. ಆದರೂ ಹೆಸರಿನಿಂದ ಬಂದ ಲಾಭದ ಪಾಲಿನ ಮಟ್ಟಿಗಾದರೂ ಹೆಸರು ಗಳಿಸಿಕೊಟ್ಟವರ ಋಣವಿದೆ ಎಂಬುದೇ ನನ್ನ ನಿಲುವು.

ಐಹೊಳೆ ನಮ್ಮ ಹುನಗುಂದ ತಾಲೂಕಿನಲ್ಲೇ ಇದೆ. ಮೇಗುತಿ ಜಿನಾಲಯವನ್ನೂ ರವಿಕೀರ್ತಿಯ 634ರ ಶಾಸನವನ್ನೂ ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಯ್ಯಾವೊಳೆ ಐನೂರ್ವರನ್ನು ಅಷ್ಟಾಗಿ ನೆನೆಯುವುದಿಲ್ಲ. ಆ ವರ್ತಕ ಸಂಘದ ಹೆಸರು ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಇದೆ. ಐಹೊಳೆಯನ್ನು ಕಣ್ಣಿನಿಂದಲೂ ನೋಡದವರು ಐಹೊಳೆಯ ಹೆಸರಿನಿಂದ ಸಮುದ್ರದಾಚೆ ವ್ಯವಹರಿಸಿರಬೇಕು. ಆದರೆ ಅವರ ಶಾಸನಗಳು ಅವರನ್ನು ವೀರಬಣಂಜು ಧರ್ಮದ ಪರಿಪಾಲಕರೆಂದೂ ಕರೆಯುತ್ತವೆ. ಹೆಸರಿನ ಜೊತೆ ಒಂದು ಕಟ್ಟಳೆಯೂ ಹಡಗು ಹತ್ತಿತ್ತು.

ಟ್ರಸ್ಟುಗಳ ಹಿರಿಯರು ಬೇಸರಿಸಬಾರದು, ಇಲ್ಲಿ ಒಂದು ಮಾತು. ಪ್ರಾಚೀನ ಬಸದಿಯೆಂದು ಫಲಕ ಹಾಕಿ ಜೀರ್ಣೋದ್ಧಾರಕ್ಕೆ ಚಂದಾ ಎತ್ತುತ್ತೇವೆ. ನೆಲಕ್ಕೆ ಗ್ರಾನೈಟ್ ಹಾಸುತ್ತೇವೆ. ಮೂವತ್ತು ವರ್ಷ ದೀಪ ಆರದಂತೆ ಕಾಯ್ದ ಉಪಾಧ್ಯೆಯವರ ಹಿಂದಿನ ಸಂಬಳದ ಬಾಕಿ ಹಳೆಯ ಕಮಿಟಿಯದೆಂದು ಹೊಸ ಕಮಿಟಿ ಹೇಳುವುದನ್ನು ನಾನು ಕೇಳಿದ್ದೇನೆ.

ನನ್ನ ವಿಷಯ ಮುಗಿಸುತ್ತೇನೆ. 1994ರಲ್ಲಿ ದೊಡ್ಡಪ್ಪನವರ ಹಳೆಯ ಖತಾವಣಿ ದೊರೆತಾಗ ಅದರಲ್ಲಿ ಹನ್ನೊಂದು ನೇಕಾರರ ಹೆಸರುಗಳಿದ್ದವು. ಏಳು ಮನೆಗಳಿಗೆ ಹುಡುಕಿಕೊಂಡು ಹೋಗಿ ಕೊಟ್ಟೆ. ಫಲಕ ನೋಡಿ ಪ್ರಶ್ನೆ ಕೇಳಿದ್ದ ವೃದ್ಧ ಅಷ್ಟರಲ್ಲಿ ತೀರಿಕೊಂಡಿದ್ದನು. ಅವನ ಮಗಳು 340 ರೂಪಾಯಿ ಎಣಿಸಿ ತೆಗೆದುಕೊಂಡು, ಬಡ್ಡಿಯ ಹಣವನ್ನು ಕಟ್ಟೆಯ ಮೇಲೆ ಇಟ್ಟು, “ಅಪ್ಪ ಬಡ್ಡಿ ಕೇಳಿರಲಿಲ್ಲರಿ” ಎಂದಳು. ಉಳಿದ ನಾಲ್ಕು ಮನೆಯವರು ಮಗ್ಗ ಬಿಟ್ಟು ಊರು ಬಿಟ್ಟಿದ್ದರು. ಎಲ್ಲಿಗೆಂದು ಓಣಿಯವರಿಗೂ ತಿಳಿಯದು. ದೀಪಾವಳಿಯಂದು ನಿರ್ವಾಣ ಪೂಜೆ ಮುಗಿದು ಹೊಸ ಚೋಪಡಿ ತೆರೆಯುವಾಗ ಆ ನಾಲ್ಕು ಹೆಸರುಗಳನ್ನೂ, 1,265 ರೂಪಾಯಿಗಳನ್ನೂ ಈಗಲೂ ನನ್ನ ಕೈಯಿಂದಲೇ ಮುಂದಿನ ಪುಟಕ್ಕೆ ಬರೆದುಕೊಳ್ಳುತ್ತೇನೆ.