ಗುರುಸ್ಥಾನಕ್ಕೆ ಲಿಂಗಭೇದವುಂಟೆ?

ಸಂಸ್ಕೃತ ವ್ಯಾಕರಣವನ್ನು ಹೊಸದಾಗಿ ಕಲಿಯತೊಡಗಿದ ಬಾಲಕರು ಒಂದು ಕಡೆ ತಪ್ಪದೆ ತಡೆದು ನಿಲ್ಲುತ್ತಾರೆ. ‘ಭಾರ್ಯಾ’ ಎಂಬುದು ಸ್ತ್ರೀಲಿಂಗ. ಅದೇ ಅರ್ಥವುಳ್ಳ ‘ದಾರ’ ಶಬ್ದವು ಪುಲ್ಲಿಂಗ, ಅದೂ ನಿತ್ಯ ಬಹುವಚನ. ಅದೇ ಅರ್ಥವುಳ್ಳ ‘ಕಲತ್ರ’ವು ನಪುಂಸಕಲಿಂಗ. ಮನೆಯಲ್ಲಿರುವ ಗೃಹಿಣಿ ಒಬ್ಬಳೇ. ಆಕೆಯನ್ನು ಹೇಳುವ ಶಬ್ದಗಳಿಗೆ ಮಾತ್ರ ಲಿಂಗ ಮೂರು! ಇದೇಕೆ ಹೀಗೆಂದು ಹುಡುಗರು ಕೇಳಿದಾಗಲೆಲ್ಲ ನಾನು ಮೂವತ್ತು ವರ್ಷಗಳಿಂದ ಒಂದೇ ಉತ್ತರವನ್ನು ಹೇಳುತ್ತ ಬಂದಿದ್ದೇನೆ: ಶಬ್ದದ ರೂಪವನ್ನು ನೋಡಿ ವಸ್ತುವಿನ ಸ್ವರೂಪವನ್ನು ನಿಶ್ಚಯಿಸಬೇಡಿರಿ. ಪಾಠ ಹೇಳುವುದು ಸುಲಭ. ಅದೇ ಪಾಠವನ್ನು ಮನುಷ್ಯರ ವಿಷಯದಲ್ಲಿ ನಾನೇ ನಡೆಸಲಿಲ್ಲವೆಂಬುದನ್ನು ಇಂದು ಸದ್ಭಕ್ತರ ಮುಂದೆ ನಿವೇದಿಸಬೇಕಾಗಿದೆ.

ಮಠದ ಪಾಠಶಾಲೆಗೆ ಬರುವ ಮುನ್ನ ನಾನು ಬೇರೊಂದು ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆನು. ಅಲ್ಲಿಗೆ ಗಣಿತದ ಪಾಠಕ್ಕೆಂದು ಒಬ್ಬ ತರುಣನು ನೇಮಕವಾಗಿ ಬಂದನು. ಪಾಠದಲ್ಲಿ ನಿಪುಣ, ಹಾಜರಿಯಲ್ಲಿ ಒಂದು ದಿನವೂ ತಪ್ಪಿದವನಲ್ಲ. ಆದರೆ ಅವನ ನಡಿಗೆ, ದನಿ, ಕೈಯ ಚಲನೆಗಳಲ್ಲಿ ಹೆಣ್ತನವಿದ್ದಿತು. ಹುಡುಗರು ಅಣಕಿಸಿದರು; ಉಪಾಧ್ಯಾಯರ ಕೊಠಡಿಯಲ್ಲಿ ಹಿರಿಯರಾದ ನಾವು ಹುಡುಗರಿಗಿಂತ ಹೆಚ್ಚು ನಕ್ಕೆವು. ಒಂದು ಬೆಳಿಗ್ಗೆ ಕರಿಹಲಗೆಯ ಮೇಲೆ ಯಾರೋ ಕೆಟ್ಟ ಮಾತೊಂದನ್ನು ಬರೆದಿದ್ದರು. ಅವನು ಅದನ್ನು ತಾನೇ ಒರಸಿ ಪಾಠವನ್ನು ಆರಂಭಿಸಿದನು. ಕೆಲವು ದಿನಗಳಲ್ಲಿ ಆಡಳಿತ ಮಂಡಳಿಯವರು ಶಾಲೆಯ ಮರ್ಯಾದೆಯ ಮಾತೆತ್ತಿ ರಾಜೀನಾಮೆ ಕೇಳಿದರು. ಅವನ ಮೇಲೆ ಒಂದು ಆರೋಪವೂ ಇರಲಿಲ್ಲ. ಅಂದು ಸಂಜೆ ಅವನು ನನ್ನ ಮನೆಗೆ ಬಂದು, “ಪಂಡಿತರೇ, ತಮ್ಮ ಮಾತಿಗೆ ಅಲ್ಲಿ ಬೆಲೆಯುಂಟು. ನನ್ನ ಪರವಾಗಿ ಒಂದು ಮಾತು ಹೇಳುವಿರಾ?” ಎಂದು ಕೇಳಿದನು. “ತಾಳ್ಮೆಯಿಂದಿರಪ್ಪಾ, ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ” ಎಂದು ಹೇಳಿ ಕಳುಹಿಸಿದೆನು. ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಅವನು ಊರು ಬಿಟ್ಟನು. ಎಲ್ಲಿಗೆ ಹೋದನೆಂದು ನಾನು ವಿಚಾರಿಸಲಿಲ್ಲ.

ಕಾಲವು ತಾನಾಗಿ ಏನನ್ನೂ ಸರಿಮಾಡುವುದಿಲ್ಲವೆಂಬುದನ್ನು ನಾನು ಅರಿತದ್ದು ಪತ್ರಿಕೆಗಳಲ್ಲಿ ಬಂದ ಒಂದು ವಾರ್ತೆಯಿಂದ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಶ್ರೀನಿವಾಸ ರಾಮಚಂದ್ರ ಸಿರಸ್ ಎಂಬವರು ಮರಾಠಿಯ ಪ್ರಾಧ್ಯಾಪಕರಾಗಿದ್ದರು, ಕವಿಗಳೂ ಹೌದು. 2010ನೆಯ ಫೆಬ್ರವರಿಯ ಒಂದು ರಾತ್ರಿ ಕೆಲವರು ಛಾಯಾಯಂತ್ರವನ್ನು ಹಿಡಿದು ಅವರ ಮನೆಯೊಳಕ್ಕೆ ನುಗ್ಗಿ, ಅವರು ಮತ್ತೊಬ್ಬ ಪುರುಷನೊಡನೆ ಇದ್ದುದನ್ನು ಚಿತ್ರೀಕರಿಸಿದರು. ನುಗ್ಗಿದವರ ತಪ್ಪನ್ನು ವಿಚಾರಿಸುವುದಕ್ಕೆ ಮೊದಲೇ ವಿಶ್ವವಿದ್ಯಾಲಯವು ಪ್ರಾಧ್ಯಾಪಕರನ್ನು ಅಮಾನತುಗೊಳಿಸಿತು. ಅವರ ನಿವೃತ್ತಿಗೆ ಆಗ ಉಳಿದಿದ್ದುದು ಕೆಲವೇ ತಿಂಗಳು. ಏಪ್ರಿಲ್ 1ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಅಮಾನತಿಗೆ ತಡೆಯಾಜ್ಞೆ ನೀಡಿತು. ಏಪ್ರಿಲ್ 7ರಂದು ಅವರು ಬಾಡಿಗೆಯ ಮನೆಯಲ್ಲಿ ಮೃತರಾಗಿ ಕಂಡುಬಂದರು. ನ್ಯಾಯವು ದೊರೆಯಿತು, ಅದನ್ನು ಅನುಭವಿಸಲು ಮನುಷ್ಯನು ಉಳಿಯಲಿಲ್ಲ. ಆ ವಾರ್ತೆಯನ್ನೋದಿದಾಗ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದ ಆ ತರುಣನ ಮುಖವೇ ಕಣ್ಣಮುಂದೆ ಬಂದಿತು.

ಅಂದಿನಿಂದೀಚೆಗೆ ದೇಶದ ನ್ಯಾಯವ್ಯವಸ್ಥೆಯು ಬಹುದೂರ ನಡೆದಿದೆ. ಆಂಗ್ಲ ಪ್ರಭುತ್ವವು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ನೆಯ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅದಕ್ಕೆ ಮೊದಲೇ 2014ನೆಯ ಏಪ್ರಿಲ್ 15ರ ತೀರ್ಪಿನಲ್ಲಿ ತೃತೀಯ ಲಿಂಗಿಗಳಿಗೆ ಪ್ರಜೆಗಳ ಪೂರ್ಣ ಹಕ್ಕುಗಳುಂಟೆಂದು ಸಾರಿದ್ದಿತು. ಸಂಸತ್ತು 2019ರಲ್ಲಿ ಅಂಗೀಕರಿಸಿದ ಕಾಯ್ದೆಯು ವಿದ್ಯಾಸಂಸ್ಥೆಗಳಲ್ಲಿಯೂ ಉದ್ಯೋಗದಲ್ಲಿಯೂ ಅವರ ವಿಷಯದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ನಮ್ಮ ಕರ್ನಾಟಕ ಸರಕಾರವು 2021ರಲ್ಲಿ ನೇಮಕಾತಿಯ ನಿಯಮಗಳನ್ನು ತಿದ್ದಿ ಅವರಿಗೆ ಶೇಕಡಾ 1ರ ಮೀಸಲನ್ನು ಕಲ್ಪಿಸಿತು. 2022ನೆಯ ನವೆಂಬರಿನಲ್ಲಿ ಹೊರಬಿದ್ದ 13,363 ಮಂದಿ ಉಪಾಧ್ಯಾಯರ ತಾತ್ಕಾಲಿಕ ಆಯ್ಕೆಪಟ್ಟಿಯಲ್ಲಿ ಅಂಥವರು ಮೂವರಿದ್ದರು.

ಆದರೂ ಆಜ್ಞೆಯು ಶಾಲೆಯ ಹೊಸ್ತಿಲವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಗುಜರಾತಿನ ಖಾಸಗಿ ಶಾಲೆಯೊಂದು ಒಬ್ಬ ಶಿಕ್ಷಕಿಗೆ ಕೆಲಸ ಕೊಡುವುದಾಗಿ ಹೇಳಿ, ಆಕೆ ಟ್ರಾನ್ಸ್‌ಜೆಂಡರ್ ಮಹಿಳೆಯೆಂದು ತಿಳಿದೊಡನೆ ಮಾತನ್ನು ಹಿಂತೆಗೆದುಕೊಂಡಿತು. ಆಕೆಗೆ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ನೆಯ ಅಕ್ಟೋಬರ್ 17ರಂದು ಆಜ್ಞಾಪಿಸಿ, ಸಮಾನಾವಕಾಶದ ನೀತಿಯೊಂದನ್ನು ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ನರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಪಾಠ ಹೇಳಬಲ್ಲ ಒಬ್ಬ ಶಿಕ್ಷಕಿಯು ಪಾಠ ಹೇಳುವುದಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು!

ಇನ್ನು ಶರಣಮಾರ್ಗದ ದೃಷ್ಟಿಯಿಂದ ವಿಚಾರಿಸೋಣ. ಶರಣರು ಇಂದಿನ ಈ ಪ್ರಶ್ನೆಯನ್ನು ಇದೇ ಹೆಸರಿನಿಂದ ಚರ್ಚಿಸಿದರೆಂದು ನಾನು ಹೇಳುವುದಿಲ್ಲ. ಇಲ್ಲದ ಅರ್ಥವನ್ನು ವಚನಗಳಲ್ಲಿ ತುಂಬುವುದು ಪಂಡಿತನಿಗೆ ತಕ್ಕುದಲ್ಲ. ಆದರೆ ಅವರು ಕೊಟ್ಟ ಅಳತೆಗೋಲು ನಮ್ಮಲ್ಲಿದೆ. ಸ್ತ್ರೀಪುರುಷರೆಂಬ ಭೇದವು ದೇಹದ ಚಿಹ್ನೆಗಳಿಗೆ ಸೇರಿದುದು, ಆತ್ಮಕ್ಕೆ ಸೇರಿದುದಲ್ಲವೆಂಬುದನ್ನು ಜೇಡರ ದಾಸಿಮಯ್ಯನವರು ಬೋಧಿಸಿದರು. ಇಷ್ಟಲಿಂಗದೀಕ್ಷೆಯು ಗಂಡಿಗೊಂದು ಹೆಣ್ಣಿಗೊಂದು ಎಂದು ಬೇರೆಯಾಗಲಿಲ್ಲ. ಲೋಕವು ದೂರವಿಟ್ಟಿದ್ದ ಸೂಳೆ ಸಂಕವ್ವೆಯ ವಚನವೂ ಮಹಾಶರಣರ ವಚನಗಳ ಜೊತೆಯಲ್ಲಿ ಉಳಿದು ಬಂದಿದೆ. ಗುರುತ್ವವು ಅರಿವಿನಿಂದಲೂ ಕಾಯಕದ ಶುದ್ಧಿಯಿಂದಲೂ ಬರತಕ್ಕದ್ದು. ಮೈಯ ಲಕ್ಷಣದಿಂದ ಬರತಕ್ಕದ್ದಲ್ಲ. ಇಂಥವರು ಪಾಶ್ಚಾತ್ಯರಿಂದ ಬಂದ ಹೊಸ ಸೃಷ್ಟಿಯೆಂದು ಆಕ್ಷೇಪಿಸುವವರು ಅಮರಕೋಶದ ಮನುಷ್ಯವರ್ಗವನ್ನು ತೆರೆದು ನೋಡಲಿ. ‘ತೃತೀಯಾಪ್ರಕೃತಿ’ ಎಂಬ ಪದವು ಅಲ್ಲಿದೆ. ಅದನ್ನು ಪ್ರಕೃತಿಯೆಂದು ಕರೆದರೇ ಹೊರತು ವಿಕೃತಿಯೆಂದು ಕರೆಯಲಿಲ್ಲ.

ಮತ್ತೊಂದು ವಿಚಿತ್ರವನ್ನು ನೋಡಿರಿ. ಜೋಗತಿಯರು ಜಾತ್ರೆಯಲ್ಲಿ ಕೊಡ ಹೊತ್ತು ಬಂದರೆ ನಾವು ಕೈಮುಗಿಯುತ್ತೇವೆ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನವನ್ನು ವಹಿಸಿದರು; 2021ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದಾಗ ನಾಡೇ ಹೆಮ್ಮೆಪಟ್ಟಿತು. ಅಂಥವರೇ ಪದವಿ ಪಡೆದು ಶಾಲೆಯಲ್ಲಿ ಒಂದು ಕುರ್ಚಿಯನ್ನು ಬೇಡಿದರೆ ಮಾತ್ರ ನಮಗೆ ಶಂಕೆ ಹುಟ್ಟುತ್ತದೆ!

ಗೃಹಸ್ಥರ ಶಂಕೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳನ್ನು ಒಪ್ಪಿಸುವ ತಂದೆತಾಯಿಗಳಿಗೆ ಚಿಂತೆಯಿರುವುದು ಸಹಜ. ಉಪಾಧ್ಯಾಯರನ್ನು ನೋಡಿ ಮಕ್ಕಳೂ ಹಾಗೆಯೇ ಆಗುವರೆಂಬುದು ಮೊದಲನೆಯ ಶಂಕೆ. ಹಿಂದೆ ಎಡಗೈಯಿಂದ ಬರೆಯುವ ಮಕ್ಕಳ ಬೆರಳಿಗೆ ನಾವು ಅಡಿಕೋಲಿನಿಂದ ಹೊಡೆಯುತ್ತಿದ್ದೆವು. ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ ಪೂಜಿಸುವ ನಾವೇ ಹೀಗೆ ಮಾಡಿದೆವು! ಪೆಟ್ಟಿನಿಂದ ಮಗುವಿನ ಅಕ್ಷರ ಕೆಟ್ಟಿತು, ಸ್ವಭಾವ ಬದಲಾಗಲಿಲ್ಲ. ಎಡಗೈಯ ಉಪಾಧ್ಯಾಯರನ್ನು ನೋಡಿ ಬಲಗೈಯ ಮಗು ಎಡಗೈಯದಾದುದನ್ನೂ ನಾನು ಕಾಣೆ. ಶೀಲದ ಗತಿಯೇನೆಂಬುದು ಎರಡನೆಯ ಶಂಕೆ. ಶೀಲದ ನಿಯಮವು ಸರ್ವರಿಗೂ ಒಂದೇ. ಮಕ್ಕಳೊಡನೆ ಅನುಚಿತವಾಗಿ ವರ್ತಿಸಿದವನು ಹೆಂಡತಿ ಮಕ್ಕಳುಳ್ಳ ಸಂಸಾರಿಯಾಗಿದ್ದರೂ ದಂಡನಾರ್ಹನೇ. 2012ರ ಪೋಕ್ಸೋ ಕಾಯ್ದೆಯು ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಕೃತ್ಯವನ್ನು ವಿಚಾರಿಸಬೇಕಾದಲ್ಲಿ ಸ್ವಭಾವವನ್ನು ದಂಡಿಸುವುದು ನ್ಯಾಯವೆ?

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ನಾವು ಆ ಗಣಿತದ ಉಪಾಧ್ಯಾಯನನ್ನು ಕಳುಹಿಸಿದಾಗ ತರಗತಿಯಲ್ಲಿ ಕುಳಿತಿದ್ದ ಮಕ್ಕಳು ಎಲ್ಲವನ್ನೂ ನೋಡುತ್ತಿದ್ದರು. ಬಲವುಳ್ಳ ಮಕ್ಕಳು, ಅಣಕಿಸಿದರೆ ಮನುಷ್ಯನನ್ನು ಓಡಿಸಬಹುದೆಂದು ಕಲಿತರು. ಅವನಂತಹ ಸ್ವಭಾವವುಳ್ಳ ಒಂದು ಮಗುವೂ ಅಲ್ಲಿದ್ದಿರಬಹುದು. ತನಗೆ ಈ ಶಾಲೆಯಲ್ಲಿ ಎಡೆಯಿಲ್ಲವೆಂದು ಆ ಮಗು ಕಲಿತಿರಬೇಕು. ದಯೆಯೇ ಧರ್ಮದ ಮೂಲವೆಂದು ನಾನು ಅದೇ ತರಗತಿಯಲ್ಲಿ ಅರ್ಥ ಹೇಳುತ್ತಿದ್ದೆನು. ಯಾವ ಪಾಠವು ಅವರ ಮನಸ್ಸಿನಲ್ಲಿ ನಿಂತಿತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಆಡಳಿತ ಮಂಡಳಿಗಳಲ್ಲಿರುವ ಭಕ್ತರು ನೇಮಕದ ಸಮಯದಲ್ಲಿ ವಿದ್ಯೆ, ನಡತೆ, ಪಾಠದ ಶಕ್ತಿ ಈ ಮೂರನ್ನೇ ವಿಚಾರಿಸಲಿ. ಬಂದ ಉಪಾಧ್ಯಾಯರನ್ನು ಅವರು ಬಯಸುವ ಹೆಸರಿನಿಂದ ಹಾಜರಿ ಪುಸ್ತಕದಲ್ಲಿಯೂ ಮಾತಿನಲ್ಲಿಯೂ ಕರೆಯಲಿ. ಅವರು ಅಂಜಿಕೆಯಿಲ್ಲದೆ ಉಪಯೋಗಿಸಬಹುದಾದ ಶೌಚಗೃಹವಿರಲಿ. ದೂರು ಬಂದರೆ ಕೇಳುವುದಕ್ಕೆ ಒಬ್ಬ ಜವಾಬ್ದಾರನಿರಲಿ. ಮುಖ್ಯೋಪಾಧ್ಯಾಯರು ಮೊದಲ ದಿನವೇ ಪ್ರಾರ್ಥನೆಯ ವೇಳೆಯಲ್ಲಿ ಅವರ ಪಕ್ಕದಲ್ಲಿ ನಿಂತು ಗೌರವದಿಂದ ಪರಿಚಯಿಸಲಿ. ಅಣಕವು ಎದ್ದಾಗ ಮೊದಲು ತಡೆಯಬೇಕಾದುದು ಉಪಾಧ್ಯಾಯರ ಕೊಠಡಿಯ ನಗೆಯನ್ನು. ಹುಡುಗರು ನಮ್ಮಿಂದಲೇ ಕಲಿಯುತ್ತಾರೆ. ತಂದೆತಾಯಿಗಳು ಮನೆಯಲ್ಲಿ ಮಕ್ಕಳ ಮುಂದೆ ಅಂಥವರನ್ನು ಹೀನವಾದ ಹೆಸರುಗಳಿಂದ ಕರೆಯದಿರಲಿ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣವು ಬೇಕಿಲ್ಲ.

ಆ ತರುಣನು ಇಂದು ಎಲ್ಲಿರುವನೋ ನಾನರಿಯೆ. ಈ ಲೇಖನವು ಅವನ ಕಣ್ಣಿಗೆ ಬೀಳುವುದೆಂಬ ಭರವಸೆಯೂ ಇಲ್ಲ. ಅವನು ಅಂದು ನನ್ನಿಂದ ಕೇಳಿದ್ದುದು ಒಂದೇ ಮಾತು. ಅದನ್ನು ಹೇಳಬೇಕಾದ ದಿನ ಹೇಳಲಿಲ್ಲ. ತಡವಾಗಿಯಾದರೂ ಇಂದು ಹೇಳಿದ್ದೇನೆ. ಇಂಥ ಮತ್ತೊಬ್ಬ ಉಪಾಧ್ಯಾಯರು ನಿಮ್ಮ ಊರಿನ ಶಾಲೆಗೆ ಬಂದು ನಿಂತಾಗ, ಭಕ್ತರೇ, ನೀವು ನನ್ನಂತೆ ಕಾಲದ ಮೇಲೆ ಭಾರ ಹಾಕಬೇಡಿರಿ. ಅವರ ಪರವಾಗಿ ಒಂದು ಮಾತನ್ನಾಡುವ ಧೈರ್ಯವನ್ನು ಬಸವಾದಿ ಪ್ರಮಥರು ನಮ್ಮೆಲ್ಲರಿಗೂ ದಯಪಾಲಿಸಲಿ.