ಕೈ ಕೊಟ್ಲು ಅನ್ನೋ ಮೊದಲು

ಮೊನ್ನೆ ಆಫೀಸ್ ಬಿಟ್ಟಾಗ ರಾತ್ರಿ ಹತ್ತೂವರೆ. ಮಹದೇವಪುರದಿಂದ ಟಿನ್ ಫ್ಯಾಕ್ಟರಿಗೆ ಆಟೋ ಹತ್ತಿದೆ. ಹಿಂದೆ ಶಂಕರಣ್ಣನ ಸ್ಟಿಕ್ಕರ್, ಒಳಗೆ ‘ಗೀತಾ’ ಸಿನಿಮಾದ ಹಾಡು. ತೂಗುಸೇತುವೆ ಹತ್ರ ಜಾಮ್‌ನಲ್ಲಿ ನಿಂತಾಗ ಡ್ರೈವರ್ ಅಂದರು, “ಸಾರ್, ಈ ಹಾಡು ಕೇಳಿದ್ರೆ ಖುಷಿ, ಪಿಚ್ಚರ್ ನೋಡಿದ್ರೆ ಅಳು.”

ನಿಜ. 1981ರ ಸಿನಿಮಾ. ಶಂಕರ್ ನಾಗ್ ಅವರೇ ನಿರ್ದೇಶಕ, ಅವರೇ ನಾಯಕ. ಇಳಯರಾಜಾ ಸಂಗೀತ, ಎಸ್ಪಿಬಿ ದನಿ. ನಮ್ಮೂರಿನ ಗಣೇಶನ ಆರ್ಕೆಸ್ಟ್ರಾದಲ್ಲಿ ಈ ಹಾಡುಗಳಿಲ್ಲದೆ ಪೆಂಡಾಲ್ ಬಿಚ್ಚುತ್ತಿರಲಿಲ್ಲ. ರಾಕ್ ಅನ್ನೋ ಪದ ಗೊತ್ತಾಗೋಕೆ ಮೊದಲೇ ನಮ್ಮ ಪಾಲಿನ ರಾಕ್ ಸಿಂಗರ್ ಆಗಿದ್ದು ಅದೇ ಶಂಕರಣ್ಣ. ಸ್ಟೇಜ್ ಮೇಲೆ ಅಷ್ಟು ಕುಣಿಯುವ ಹಾಡುಗಾರನ ಹುಡುಗಿಗೆ ಕೊನೆಗೆ ಬ್ಲಡ್ ಕ್ಯಾನ್ಸರ್. ಅಳ್ತೀವಿ, ಆದ್ರೆ ಯಾರನ್ನೂ ಬೈಯಲ್ಲ. ಸಾವಿಗೆ ಯಾರನ್ನ ಬೈಯೋದು?

ಐದು ವರ್ಷದ ಹಿಂದೆ ನನ್ನ ಟೀಮಿನಲ್ಲಿ ಒಬ್ಬಳಿದ್ದಳು. ದಿನಾ ಜೊತೆಗೆ ಕಾಫಿ, ಊರಿನ ಸುದ್ದಿ, ಮಳೆ ಬಂದ್ರೆ ಒಂದೇ ಕ್ಯಾಬ್. ನಾನು ಒಳಗೊಳಗೇ ಮನೆ ಕಟ್ಟಿದ್ದೆ. ಕೇಳಿದಾಗ, “ನಾನು ಆ ಥರ ಯೋಚ್ನೆ ಮಾಡಿಲ್ಲ ಕಣೋ” ಅಂದಳು. ಪಿಜಿ ಗೆಳೆಯರು, “ಕೈ ಕೊಟ್ಲು ಬಿಡು ಮಗಾ” ಅಂದರು. ಆ ಮಾತು ಮುಲಾಮಿನ ಥರ ತಣ್ಣಗಿತ್ತು. ತಪ್ಪು ಅವಳದ್ದು ಅಂದ್ರೆ ನಾನು ಹೀರೋ ಆಗೇ ಉಳೀತೀನಲ್ಲ. ನಾನೂ ನಾಲ್ಕು ಜನರ ಹತ್ರ ಹಾಗೇ ಹೇಳಿಕೊಂಡೆ. ಮಾತು ಟೀಮ್ ತುಂಬ ಹಬ್ಬಿತು. ಆರು ತಿಂಗಳಲ್ಲಿ ಅವಳು ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋದಳು. ನನ್ನ ನೋವಿಗೆ ದಂಡ ಕಟ್ಟಿದ್ದು ಅವಳು.

ಕೈ ಕೊಡೋದು ಅಂದ್ರೆ ಕೊಟ್ಟ ಮಾತು ಮುರಿಯೋದು. ಅವಳು ಯಾವ ಮಾತು ಕೊಟ್ಟಿದ್ದಳು? ಮುರಿದಿದ್ದು ನನ್ನ ಆಸೆ, ಅವಳ ಮಾತಲ್ಲ. ಮಾತು ಕೊಟ್ಟು, ಸುಳ್ಳು ಹೇಳಿ ಬಿಟ್ಟುಹೋಗೋರೂ ಇದ್ದಾರೆ. ಅದನ್ನ ಮೋಸ ಅಂತಲೇ ಕರೀಬೇಕು. ಆದ್ರೆ ನೋವಾಯ್ತು ಅಂದ ಮಾತ್ರಕ್ಕೆ ಅನ್ಯಾಯ ಆಯ್ತು ಅಂತಲ್ಲ. ಬದುಕಿ ಉಳಿಯೋದು ಗೀತಾಳ ಕೈಯಲ್ಲಿರಲಿಲ್ಲ. ಒಬ್ಬರ ಮೇಲೆ ಮನಸ್ಸಾಗೋದು ಕೂಡ ಹಾಗೇ, ಯಾರ ಕೈಯಲ್ಲೂ ಇರಲ್ಲ.

ಇದನ್ನ ನಾನು ಕಲಿತಿದ್ದು ಅಮೆರಿಕದ ರಾಯ್ ಆರ್ಬಿಸನ್‌ನಿಂದ. ಕಪ್ಪು ಕನ್ನಡಕ ಹಾಕಿಕೊಂಡು, ಕುಣಿಯದೆ ಕಂಬದ ಹಾಗೆ ನಿಂತು ಹಾಡುತ್ತಿದ್ದ ಮನುಷ್ಯ. 1961ರಲ್ಲಿ ಬಂದ ಅವನ ‘ಕ್ರೈಯಿಂಗ್’ನಲ್ಲಿ ಒಬ್ಬ ತನ್ನ ಹಳೇ ಹುಡುಗಿಯನ್ನ ಮತ್ತೆ ನೋಡ್ತಾನೆ. ಅವಳು ನಿಂತು ಮಾತಾಡಿಸಿ, ಒಳ್ಳೇದಾಗ್ಲಿ ಅಂತ ಹಾರೈಸಿ ಹೋಗ್ತಾಳೆ. ಇವನು ಒಬ್ಬನೇ ಅಳ್ತಾನೆ. ಅಷ್ಟೇ ಕಥೆ. ದನಿ ಮೇಲೇರ್ತಾ ಹೋಗುತ್ತೆ, ಆದ್ರೆ ಅವಳ ಮೇಲೆ ಒಂದು ದೂರೂ ಇಲ್ಲ. ಸಾವು ಬರದೇ ಇದ್ರೂ ಯಾರನ್ನೂ ಬೈಯದೆ ಅಳಬಹುದು ಅಂತ ನನಗೆ ಆಗ ಗೊತ್ತಾಯ್ತು.

ಹೋದ ವರ್ಷ ಮೆಟ್ರೋದಲ್ಲಿ ಅವಳು ಸಿಕ್ಕಿದ್ದಳು. “ಅಮ್ಮ ಹೇಗಿದ್ದಾರೆ?” ಅಂದಳು. ಚೆನ್ನಾಗಿದ್ದಾರೆ ಅಂದೆ. ಕ್ಷಮೆ ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅವಳ ಸ್ಟೇಷನ್ ಬಂತು. ಅವತ್ತು ಬಾಯಿಗೆ ಬರದ ಆ ಮಾತನ್ನ ಇಲ್ಲಾದರೂ ಬರೆದಿಡ್ತೀನಿ: ಅವಳು ನನಗೆ ಕೈ ಕೊಡಲಿಲ್ಲ.